ಅಡ್ಡಗೆರೆ ಇಲ್ಲದ ಎ

ಇಷ್ಪೆಮಿಂಗ್, ಮಿಷಿಗನ್
ನವೆಂಬರ್ ೬, ಗುರುವಾರ

ಪ್ರೀತಿಯ ಆರ್ವೊ,

ಮೊಣಕಾಲು ಹೇಗಿದೆ? ಸರೋವರದಲ್ಲಿ ಗಾಳಿ ಜೋರೆಂದು ರೇಡಿಯೋ ಹೇಳುತ್ತಿದೆ. ಉಣ್ಣೆಯ ಒಳಅಂಗಿ ಪೆಟ್ಟಿಗೆಯ ತಳದಲ್ಲಿದೆ, ನೀನು ತೆಗೆದಿರಲಾರೆ, ತೆಗೆದು ಹಾಕಿಕೋ. ಡೆಟ್ರಾಯಿಟ್‌ನಲ್ಲಿ ಅಂಚೆ ದೋಣಿ ಈ ಕಾಗದವನ್ನು ನಿಮ್ಮ ಹಡಗಿಗೆ ಮುಟ್ಟಿಸಿದ ಕೂಡಲೇ ಓದು, ಮಹಾರಾಯ. ಊಟವಾದ ಮೇಲೆ ಓದುತ್ತೇನೆಂದು ಜೇಬಿಗೆ ಸೇರಿಸಬೇಡ.

ನಿನ್ನೆ ನಮ್ಮ ವೃದ್ಧರ ಆರೈಕೆ ಮನೆಯ ಪರವಾನಗಿಯ ವಿಚಾರಣೆ ನಡೆಯಿತು. ಫೋನಿನಲ್ಲಿ ನಿನಗೆ ಅರ್ಧವನ್ನೇ ಹೇಳಿದ್ದೆ, ಹೆದರಿಸುವುದೇಕೆ ಎಂದು. ಸೆಪ್ಟೆಂಬರ್‌ನಲ್ಲಿ ನೀನು ಹಡಗಿಗೆ ಹೊರಟ ಮಂಗಳವಾರವೇ, ನಾನು ಬೆಳಗಿನ ಮಾತ್ರೆ ಕೊಡುವ ಮೊದಲೇ, ಪರವಾನಗಿ ಇಲಾಖೆಯ ತಪಾಸಣೆಯವಳು ಬಾಗಿಲಿಗೆ ಬಂದಳು. ಮಾತ್ರೆ ಪುಸ್ತಕ ತೆರೆದರೆ ಹಿಲ್ಯಾ ಅಜ್ಜಿಯ ಹಾಳೆಯಲ್ಲಿ ಅಂದಿನಿಂದ ಭಾನುವಾರದವರೆಗೆ ಎಲ್ಲ ಚೌಕಗಳಲ್ಲೂ ‘ಎ.ಕೆ.’ ಎಂದು ಗುರುತು ಬಿದ್ದಿತ್ತು. ಮಾತ್ರೆಗಳು ಮಾತ್ರ ಡಬ್ಬಿಯಲ್ಲೇ ಇದ್ದವು. ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆ ಗುರುತು ಹಾಕಬೇಕೆಂಬುದು ಈ ಕೆಲಸದ ಮೊದಲ ಪಾಠ. ಕೊಡದ ಮಾತ್ರೆಗೆ ಕೊಟ್ಟೆನೆಂದು ನಾನು ಸುಳ್ಳು ದಾಖಲೆ ಬರೆದಿದ್ದೇನೆಂದು ಹೇಳಿ ಪುಸ್ತಕವನ್ನೇ ಎತ್ತಿಕೊಂಡು ಹೋದಳು. ಹದಿನೈದೇ ದಿನಕ್ಕೆ ಪರವಾನಗಿ ರದ್ದು ಮಾಡುವ ನೋಟಿಸು ಬಂತು. ರದ್ದಾದರೆ ನಮ್ಮಲ್ಲಿರುವ ನಾಲ್ವರು ಮುದುಕರನ್ನೂ ಬೇರೆ ಬೇರೆ ಊರಿಗೆ ಸಾಗಿಸುತ್ತಾರೆ. ತೊಂಬತ್ತೊಂದು ವರ್ಷದ ಹಿಲ್ಯಾ ಅಜ್ಜಿಗೆ ಈಗ ನನ್ನ ಧ್ವನಿಯೊಂದೇ ಗುರುತು ಸಿಗುವುದು.

ಎರಡು ತಿಂಗಳು ನನ್ನನ್ನೇ ನಾನು ಶಪಿಸಿಕೊಂಡೆ, ಆರ್ವೊ. ಅವರು ಕಳಿಸಿದ ನಕಲು ಮಸುಕು ಮಸುಕು. ಎ.ಕೆ. ಅಂದರೆ ಆಲ್ಮಾ ಕಾಂಗಸ್, ಇನ್ನಾರು? ಸುಸ್ತಾಗಿ ಬರೆದು ಮರೆತಿರಬೇಕು, ಅಮ್ಮನಿಗೆ ಬಂದ ಮರೆವು ನನಗೂ ಬಂತು ಎಂದುಕೊಂಡೆ. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಮೂರು ಸಲ ಹೋಗಿ ನೋಡುತ್ತಿದ್ದೆ. ನಗಬೇಡ.

ನ್ಯಾಯಾಧೀಶೆ ಒಳ್ಳೆಯ ಹೆಂಗಸು, ತಾಳ್ಮೆಯಿಂದ ಕೇಳಿದರು. ಆದರೆ ಅವರು ಬರೆಯುವುದು ಬರೀ ಶಿಫಾರಸಂತೆ. ಕೊನೆಯ ಸಹಿ ನಮ್ಮ ಮೇಲೆ ದೂರು ಹೊರಿಸಿದ ಇಲಾಖೆಯ ನಿರ್ದೇಶಕರದ್ದೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದ ಹಾಗಾಯಿತು. ಇಲಾಖೆಯ ವಕೀಲ ಪ್ರೆಂಟಿಸ್ ಮೂಲ ಪುಸ್ತಕವನ್ನು ನನ್ನ ಮುಂದೆ ಬಿಚ್ಚಿಟ್ಟು, “ಇದು ನಿಮ್ಮ ಕೈಬರಹ ತಾನೇ?” ಎಂದ. ನೋಡಿದೆ. ಪುಟವನ್ನು ಹತ್ತಿರಕ್ಕೆಳೆದು ಮತ್ತೊಮ್ಮೆ ನೋಡಿದೆ. “ಅಲ್ಲ,” ಅಂದೆ. “ಮತ್ಯಾರದ್ದು? ಗಾಳಿ ಬಂದು ಬರೀತಾ?” ಎಂದು ಮೂದಲಿಸಿದ. ನಾನು ಹೆಸರು ಹೇಳಲಿಲ್ಲ. ಬರವಣಿಗೆಯಲ್ಲಿ ಸಾಕ್ಷಿ ತರುತ್ತೇನೆ, ಸಮಯ ಕೊಡಿ ಎಂದು ಕೇಳಿದೆ. ಇಪ್ಪತ್ತನೇ ತಾರೀಖಿನವರೆಗೆ ಕಡತ ತೆರೆದಿಡುತ್ತೇನೆ, ಅದಾದ ಮೇಲೆ ಬಂದ ಒಂದು ಚೀಟಿಯನ್ನೂ ನೋಡುವುದಿಲ್ಲ ಎಂದರು ನ್ಯಾಯಾಧೀಶೆ.

ಹಿಲ್ಯಾ ಅಜ್ಜಿ ನಿನ್ನನ್ನು ಕೇಳುತ್ತಿರುತ್ತಾಳೆ. ಏಲಕ್ಕಿ ರೊಟ್ಟಿ ಬೇಯಿಸಿದಾಗಲೆಲ್ಲ ನಿನ್ನ ಪಾಲಿನದೊಂದು ತುಂಡು ತೆಗೆದಿಡು ಎನ್ನುತ್ತಾಳೆ, ಆಮೇಲೆ ತಾನೇ ತಿನ್ನುತ್ತಾಳೆ. ನೀರು ನಿನ್ನನ್ನು ಸುಖವಾಗಿ ದಡ ಮುಟ್ಟಿಸಲಿ.

ನಿನ್ನ
ಆಲ್ಮಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಪುಟದಲ್ಲಿದ್ದ ಇಂಗ್ಲಿಷ್ ‘ಎ’ಗೆ ನಡುವಿನ ಅಡ್ಡಗೆರೆ ಇಲ್ಲ, ಕಂಬವಿಲ್ಲದ ಗುಡಾರದ ಹಾಗಿದೆ. ನೀನೂ ಎ.ಕೆ.ಯೇ ಅಲ್ಲವೇ, ಮೂವತ್ತೊಂದು ವರ್ಷದಿಂದ ಆ ಗುಡಾರವನ್ನು ನಿನ್ನ ಕಾಗದಗಳ ಕೊನೆಯಲ್ಲಿ ನೋಡುತ್ತ ಬಂದಿದ್ದೇನೆ. ಹೊರಡುವ ಹಿಂದಿನ ಸಂಜೆ ಅಡುಗೆಮನೆಯ ಮೇಜಿಗೆ ಕೂತು, “ನಿನ್ನ ಒಂದು ವಾರದ ಕೆಲಸ ಕಮ್ಮಿ ಮಾಡಿದೀನಿ ಕಣೇ,” ಅಂದೆಯಲ್ಲ, ಪಾತ್ರೆ ತೊಳೆದದ್ದಕ್ಕೆ ಅಂದೆ ಎಂದುಕೊಂಡಿದ್ದೆ. ನಿನ್ನ ಮೇಲೆ ಕೋಪ ಬಂದಿದೆ, ಸುಳ್ಳು ಹೇಳಲಾರೆ. ನನಗೆ ಮರೆವು ಬಂದಿಲ್ಲವೆಂದು ಅತ್ತೂ ಬಿಟ್ಟೆ. ನಡೆದದ್ದನ್ನು ನಡೆದ ಹಾಗೆ ಬರೆದು, ಕ್ಯಾಪ್ಟನ್ ಎದುರು ಸಹಿ ಮಾಡಿ ಇಂದೇ ಕಳಿಸು. ನಮ್ಮ ಕೆಲಸದವರ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ, ಪುಸ್ತಕ ಮುಟ್ಟಿದ್ದಕ್ಕೆ ಬೈಸಿಕೊಳ್ಳೋಣ. ಒಂದೇ ಬೇಡಿಕೆ: ಸರ್ಕಾರಿ ಕಾಗದವೆಂದು ಹೆದರಿ ಅಂದವಾಗಿ ಬರೆಯಲು ಹೋಗಬೇಡ. ನಿನ್ನ ಎಂದಿನ ಸಹಿಯನ್ನೇ ಹಾಕು. ಅಡ್ಡಗೆರೆ ಎಳೆಯಬೇಡ.