ಮಂಜೂರಾದ ಹೆಲಿಕಾಪ್ಟರು

ಮಾದನಹಿಪ್ಪರಗಾ, ಆಳಂದ ತಾಲ್ಲೂಕು
೧೯ ಆಗಸ್ಟ್ ೨೦೨೫

ಪ್ರೀತಿಯ ಸೀಮವ್ವಾ,

ಹಿಮದ ಗಡಿಯ ಅಷ್ಟು ಎತ್ತರದ ಚಳಿಯಲ್ಲಿ ನಿನ್ನ ಕೆಮ್ಮು ಕಡಿಮೆಯಾಯಿತೇ? ಊಟ ಸೇರುತ್ತದೆಯೇ? ನಾನು, ನಿನ್ನವ್ವ, ಆಯಿ ಆರಾಮ ಇದ್ದೇವೆ. ತೊಗರಿ ಮೊಣಕಾಲಿಗೆ ಬಂದಿದೆ. ಹೋದ ವಾರ ನೀನು ಫೋನಿನಲ್ಲಿ, "ಅಪ್ಪಾ, ಆರ್ಮಿಯ ದಿಲ್ಲಿ ಆಫೀಸಿಗೆ ಹೋಗಿ ಹೆಲಿಕಾಪ್ಟರ್ ಖರೀದಿ ಫೈಲ್ ತಿರುವ್ಲ್ಯೋ, ಇಲ್ಲೇ ಹೆಲಿಕಾಪ್ಟರ್ ಹಾರಿಸ್ಕೋತ ಇರ್ಲ್ಯೋ?" ಎಂದು ಕೇಳಿದೆ. ಬರೆದು ತಿಳಿಸುತ್ತೇನೆಂದು ನಾನು ಫೋನಿಟ್ಟೆ. ಅಂದಿನಿಂದ ಎಲ್ಲಿ ಕುಳಿತರೂ ಕುಳಿತಂತಿಲ್ಲ.

ಇಲ್ಲಿ ಒಂದು ಫಜೀತಿಯಾಯಿತು. ಹಳೆಯವುಗಳ ಬದಲಿಗೆ ಇನ್ನೂರು ಹೊಸ ಹೆಲಿಕಾಪ್ಟರು ಎಂದು ಟಿ.ವಿ.ಯಲ್ಲಿ ಕೇಳಿದ ಆಯಿ, ನಿನಗೆ ಹೊಸದು ಮಂಜೂರಾಯಿತೆಂದು ಓಣಿಗೆಲ್ಲ ಶೇಂಗಾ ಹೋಳಿಗೆ ಹಂಚಿಬಿಟ್ಟಳು. ಪಕ್ಕದ ಮನೆಯ ಮುಸ್ತಕೀಮ, "ಆಯಿ, ನಮ್ಮ ಓಣಿಗೆ ಗಟಾರನೂ ಮಂಜೂರಾಗೇದ, ಎಲ್ಲಿ ಅದ ತೋರಸ್ರಿ" ಎಂದ. "ಗಟಾರಕ್ಕೂ ನನ್ನ ಮೊಮ್ಮಗಳಿಗೂ ಜೋಡಿ ಹಚ್ಚಬ್ಯಾಡಲೇ, ಸುಮ್ಮ ತಿನ್ನು" ಎಂದಳು ಆಯಿ. ನಿಜವೆಂದರೆ, ಯಾರು ಮಾಡಿಕೊಡಬಲ್ಲಿರಿ ಎಂದು ಸರಕಾರ ಕಂಪನಿಗಳನ್ನು ಕೇಳಿದೆ, ಅಷ್ಟೇ. ಮಂಜೂರಾಗುವುದು ಇನ್ನೂ ದೂರ. ಆಯಿಗೆ ಅದನ್ನು ಹೇಳದೆ ನಾನೂ ಒಂದು ಹೋಳಿಗೆ ತಿಂದೆ.

ಮೂವತ್ತು ವರ್ಷ ಊರಿನ ಗ್ರಂಥಾಲಯ ನೋಡಿಕೊಂಡವನು ನಾನು, ಕತ್ತರಿಸಿಟ್ಟ ಪತ್ರಿಕೆಗಳು ಮರೆಯಗೊಡುವುದಿಲ್ಲ. ೨೦೦೭ರಲ್ಲಿ ಪರೀಕ್ಷಾ ಹಾರಾಟಗಳೆಲ್ಲ ಮುಗಿದ ಮೇಲೆ ಇಂಥವೇ ಹೊಸ ಹೆಲಿಕಾಪ್ಟರುಗಳ ಟೆಂಡರ್ ರದ್ದಾಯಿತು. ಆಗ ನೀನು ಐದನೆಯ ಇಯತ್ತೆ. ೨೦೧೪ರಲ್ಲಿ ಮತ್ತೆ ರದ್ದಾದಾಗ ನೀನು ಬಸ್ಸಿನಲ್ಲಿ ನಿಂತು ಆಳಂದದ ಕಾಲೇಜಿಗೆ ಹೋಗುತ್ತಿದ್ದೆ. ಈಗ ನೀನು ಹಾರಿಸುವುದು, ನಾನು ಶಾಲೆಗೆ ಸೇರುವ ಕಾಲದಲ್ಲಿ ಫ್ರೆಂಚರು ರೂಪಿಸಿದ ಒಂದೇ ಎಂಜಿನ್ನಿನ ಯಂತ್ರ; ಅದು ಕೆಟ್ಟರೆ ಇನ್ನೊಂದಿಲ್ಲ. ಸರಕಾರಗಳು ಬದಲಾದವು, ಬಜೆಟ್ ಭಾಷಣಗಳು ಬದಲಾದವು, ನಿನ್ನ ಸೀಟು ಬದಲಾಗಲಿಲ್ಲ. ಪತ್ರಿಕೆಗೆ ನಾಲ್ಕು ಪತ್ರ ಬರೆದೆ. ಒಂದು ಅಚ್ಚಾಯಿತು, ಸಿಟ್ಟಿನ ಸಾಲುಗಳನ್ನು ಬಿಟ್ಟು.

ದೇಶದ ಕೆಲಸದಿಂದ ಹಿಂದೆ ಸರಿಯಬಾರದೆಂದು ನಿನಗೆ ಹೇಳಿಕೊಟ್ಟವನು ನಾನೇ. ಆ ಮಾತು ಈಗಲೂ ಸುಳ್ಳೆನ್ನಲಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಕಿವಿಗೆ ಗಾಳಿ ಬಿಡಬೇಡ. ಆಯಿ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾಳೆಂದು ತಿಳಿ.

ನಿನ್ನ ಅಪ್ಪ,
ಕಲ್ಯಾಣಪ್ಪ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು. ದಿಲ್ಲಿಗೆ ಹೋಗು. ಹಾರಿಸಿ ಬಲ್ಲವರು ಆ ಫೈಲಿನ ಮುಂದೆ ಕೂಡಬೇಕೆಂದು ಬರೆಯಬಹುದಿತ್ತು, ಆದರೆ ಕಾರಣ ಅದಲ್ಲ. ನೀನು ಇಳಿದರೆ ಆ ಸೀಟಿನಲ್ಲಿ ಬೇರೆ ಯಾರದೋ ಮಗಳು ಕೂಡುತ್ತಾಳೆ. ಗೊತ್ತಿದ್ದೇ ಬರೆಯುತ್ತಿದ್ದೇನೆ.