ಕಾಗೆಯ ಮುನಿಸು

ನೋಡಿ ಇವರೇ,

ನಾಳೆ ನಿಮ್ಮ ಅಮ್ಮನ ತಿಥಿ. ಬಾಳೆಎಲೆ, ತರಕಾರಿ ತರಲಿಕ್ಕೆ ನಾನು ಸಂತೆಕಟ್ಟೆಗೆ ಹೊರಟೆ. ನೀವಿನ್ನೂ ನಿದ್ದೆಯಲ್ಲಿದ್ದೀರಿ, ಅದೇ ಕ್ಷೇಮ.

ಎದ್ದ ಮೇಲೆ ಒಲೆ ಹಚ್ಚಬೇಡಿ. ಕುಚ್ಚಲಕ್ಕಿ ಗಂಜಿ ಬೇಯಿಸಿಟ್ಟಿದ್ದೇನೆ. ಅದರಿಂದ ಒಂದು ಸೌಟು ಅನ್ನ ತೆಗೆದು ಕಂಪೌಂಡ್ ಗೋಡೆಯ ಮೇಲೆ ಕಾಗೆಗೆ ಇಡಿ. ಏನೂ ಸೇರಿಸಬೇಡಿ. ಕೊತ್ತಂಬರಿ ಸೊಪ್ಪು ಕೂಡ ಬೇಡ ಮಾರಾಯ್ರೆ.

ನೀವು ಮಾಡಿದ ಅನಾನಸು-ಒಣಸಿಗಡಿ ಪುಲಾವ್ ಇಟ್ಟ ದಿನದಿಂದ ಕಾಗೆ ನಮ್ಮ ಕಡೆ ಸುಳಿದಿಲ್ಲ. ಈಗ ಎದುರುಮನೆ ಚೈತಾಲಿಯ ಗೋಡೆಯಲ್ಲಿ ಕೂತು, ನಮ್ಮ ಮನೆಗೆ ಬೆನ್ನು ಹಾಕಿ ನೀರುದೋಸೆ ತಿನ್ನುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ.

ಕರೆಯುವಾಗ ಒಳ್ಳೆ ಮಾತಿನಲ್ಲಿ ಕರೆಯಿರಿ. ನಿನ್ನೆಯ ಹಾಗೆ "ಮೊದಲು ತಿಂದು ನೋಡು, ಆಮೇಲೆ ಹೇಳು" ಎಂದು ಇಲ್ಲಿಂದಲೇ ಕೂಗಿ ಅದರ ಹತ್ತಿರ ವಾದಕ್ಕೆ ನಿಲ್ಲಬೇಡಿ. ನಿಮ್ಮ ಕೈಯಲ್ಲಿ ಸೌಟು ಕಂಡರೆ ಹಾರುತ್ತದೆ, ಬೆನ್ನ ಹಿಂದೆ ಹಿಡಿದುಕೊಳ್ಳಿ.

ನಾಳೆ ಎಡೆಯನ್ನು ಕಾಗೆ ಮುಟ್ಟದಿದ್ದರೆ ನೆಂಟರು ನಿಮ್ಮ ಹೆಸರು ಹೇಳುವುದಿಲ್ಲ. "ಸತ್ತ ಮೇಲೂ ಅತ್ತೆಗೆ ಅಕ್ಕುವಿನ ಅಡುಗೆ ಹಿಡಿಸಲಿಲ್ಲ, ಅಲ್ವಾ?" ಎನ್ನುತ್ತಾರೆ. ಅತ್ತೆ ಬದುಕಿದ್ದಾಗ ಇಪ್ಪತ್ತೆರಡು ವರ್ಷ ಅದನ್ನೇ ಕೇಳಿದ್ದೇನೆ, ಸಾಕು.

ಕಾಗೆ ತಿಂದ ಮೇಲೆ ನೀವೂ ಅದೇ ಗಂಜಿಗೆ ತುಪ್ಪ, ಮಾವಿನಮಿಡಿ ಉಪ್ಪಿನಕಾಯಿ ಹಾಕಿ ಊಟ ಮಾಡಿ. ನಿಮಗೆ ನಿಜವಾಗಿ ಇಷ್ಟ ಅದೇ ಎಂದು ನನಗೆ ಗೊತ್ತುಂಟು.

ಫ್ರಿಜ್ಜಿನಲ್ಲಿ ಪುಲಾವ್ ಹುಡುಕಬೇಡಿ, ಮುಗಿಯಿತು. ಎಸೆಯಲಿಲ್ಲ. ಮೂರು ದಿನ ನಾನೇ ತಿಂದೆ. ನನಗೆ ರೆಕ್ಕೆ ಇಲ್ಲವಲ್ಲ.

ಅಕ್ಕು