ತುರ್ಸುನ್ ಎಂದು ಕೂಗಿದೆ

ಅತ್-ಬಾಷಿಯ ಮೇಲಿನ ಹುಲ್ಲುಗಾವಲು
೧೩ ಆಗಸ್ಟ್ ೧೯೬೯

ನನ್ನವ್ವಾ, ನಿನ್ನ ಬುರುಲ್ ಮಾಡುವ ಸಲಾಮು.

ಗೆದ್ದೆ ಅವ್ವಾ. ನಿನ್ನೆ ಮಗುವಿಗೆ ನಲವತ್ತು ದಿನ ತುಂಬಿತು. ನಲವತ್ತು ಚಮಚ ನೀರು ಸುರಿದು ಮೀಯಿಸಿ, ನೆರೆಯವರಿಂದ ಬೇಡಿ ತಂದ ನಲವತ್ತು ತುಂಡು ಬಟ್ಟೆಯ ಅಂಗಿ ತೊಡಿಸಿದೆವು. ಮೊದಲಿನ ಎರಡೂ ಮಕ್ಕಳು ಈ ದಿನ ಕಾಣಲಿಲ್ಲವಲ್ಲ, ಒಂದೊಂದು ಚಮಚವನ್ನೂ ಎರಡೆರಡು ಸಲ ಎಣಿಸಿದೆ.

ಇಷ್ಟು ದಿನ ಅವನಿಗೆ ಹೆಸರಿರಲಿಲ್ಲ. ದೃಷ್ಟಿ ತಾಗದಿರಲೆಂದು ನಾಯಿಮರಿ ಎಂದೇ ಕರೆಯುತ್ತಿದ್ದೆವು. ನನಗೆ ಬೇಕಿದ್ದದ್ದು ಒಂದೇ ಹೆಸರು: ತುರ್ಸುನ್, ‘ಉಳಿಯಲಿ’. ಮಕ್ಕಳು ನಿಲ್ಲದ ಮನೆಯಲ್ಲಿ ಅದನ್ನೇ ಇಡುವುದು. ಈ ಊರಿನಲ್ಲೇ ಆ ಹೆಸರಿನವರು ಆರು ಜನ ಇದ್ದಾರೆ. ಅವರಲ್ಲೊಬ್ಬರು ನಮ್ಮ ಮಾವ. ಅವರ ತಾಯಿಗೆ ನಾಲ್ಕು ಮಕ್ಕಳು ಹೋದ ಮೇಲೆ ಹುಟ್ಟಿ, ಉಳಿದು, ಎಪ್ಪತ್ತೆಂಟರಲ್ಲೂ ಕುದುರೆ ಏರುತ್ತಾರೆ. ಆ ಹೆಸರಿನ ಕಸುವು ಕಣ್ಣೆದುರೇ ಓಡಾಡುತ್ತಿರುವಾಗ ಬೇರೆಯದನ್ನು ಹೇಗೆ ಒಪ್ಪಲಿ?

ಆದರೆ ಸೊಸೆಯ ಬಾಯಲ್ಲಿ ಮಾವನ ಹೆಸರು ಬರಬಾರದಲ್ಲ. ಒಂಬತ್ತು ವರ್ಷದಿಂದ ಆ ಆರೂ ಜನರನ್ನು ಗಡ್ಡದವರು, ಜೇನಿನವರು ಎಂದು ಕರೆದುಕೊಂಡೇ ಬದುಕಿದ್ದೇನೆ. ಮೊನ್ನೆ, ಮಗುವಿಗೆ ಮಾವನ ಹೆಸರೇ ಇಡೋಣ ಎಂದು ನಾನು ಹೇಳಿದಾಗ ಅತ್ತೆ ಮುಖಕ್ಕೆ ಹೊಡೆದ ಹಾಗೆ ಕೇಳಿದರು: “ಹೆತ್ತ ಮಗನ್ನ ನೀನೇ ಕರೆಯೋಕಾಗದ ಹೆಸರು ಕಟ್ಕೊಂಡು ಏನ್ ಮಾಡ್ತೀಯೆ?” ಗಂಡ ಎರ್ಮೆಕ್ ಕುದುರೆ ಜೀನು ಹೊಲಿಯುವ ನೆಪ ಹೇಳಿ ಹೊರಗೆ ಜಾರಿಕೊಂಡ. ನಾನು ಹಟ ಬಿಡಲಿಲ್ಲ.

ನಿನ್ನೆ ಎಲ್ಲರೂ ಊಟಕ್ಕೆ ಕೂತಾಗ ಮಾವ ಮಗುವನ್ನು ತೊಡೆಗೆ ಹಾಕಿಕೊಂಡು ಅದರ ಕಿವಿಯಲ್ಲಿ ತಮ್ಮ ಹೆಸರನ್ನೇ ಮೂರು ಸಲ ಹೇಳಿದರು. ಗುಸುಗುಸು ಎದ್ದಿತು. ಬದುಕಿರುವವರ ಹೆಸರು ಮನೆಯ ಕೂಸಿಗೆ ಇಡುವುದುಂಟೇ ಎಂದರು ಯಾರೋ. ಮಾವ ನನ್ನ ಕಡೆ ತಿರುಗಿದರು.

“ಮಗನ್ನ ಕರೆ ಮಗಳೇ. ಎಪ್ಪತ್ತೆಂಟು ವರ್ಷ ನನ್ನ ಕಾದಿರೋ ಹೆಸರು, ನಿನ್ ಬಾಯಿಗೆ ಬಂದ್ರೆ ಸವೆದುಹೋಗಲ್ಲ.”

ಮಗುವನ್ನು ಎತ್ತಿಕೊಂಡೆ. ಬೆಟ್ಟಕ್ಕೆ ಕೇಳುವ ಹಾಗೆ ಕೂಗಿದೆ. ಹೊರಗೆ ಕುರಿ ಸುಲಿಯುತ್ತಿದ್ದ ಇಬ್ಬರು ತುರ್ಸುನರು “ಏನಮ್ಮಾ?” ಎಂದು ಓಗೊಟ್ಟರು, ಇಡೀ ಡೇರೆ ಬಿದ್ದು ಬಿದ್ದು ನಕ್ಕಿತು. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ತುರ್ಸುನನ ತಾಯಿ,
ಬುರುಲ್

ಇದನ್ನು ಮರೆತಿದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ: ನಾನು ಆ ಹೆಸರು ಕೂಗಿದ್ದು ನಿನ್ನೆಯೇ ಮೊದಲಲ್ಲ. ಹುಟ್ಟಿದಾಗ ಮಗು ಅಳಲಿಲ್ಲ, ನೀಲಿಗಟ್ಟಿತ್ತು. ಆ ಹೆಸರು ಹಿಡಿದು ಕಿರುಚಿಬಿಟ್ಟೆ. ಆಮೇಲೆ ಅತ್ತಿತು. ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದ ಅತ್ತೆ ಕೇಳಿಸಿಕೊಂಡರೂ ಒಂದು ಮಾತಾಡಲಿಲ್ಲ. ಮೊನ್ನೆ ನನ್ನನ್ನು ಬೈದ ಮೇಲೆ ನೆಟ್ಟಗೆ ಮಾವನ ಹತ್ತಿರ ಹೋಗಿ ಅದನ್ನು ಹೇಳಿ ಒಪ್ಪಿಸಿದವರು ಅವರೇ ಅಂತೆ.